ನಡುವಿನ ಚಿತ್ರ ಬರೆದವರು

ಬ್ಲೆಂಡರ್‌ನಲ್ಲಿ ತೊಟ್ಟಿಲೊಂದನ್ನು ತೂಗಿಸುತ್ತಿದ್ದೆ. ಕೀಫ್ರೇಮ್‌ಗಳ ನಡುವೆ ‘ಲೀನಿಯರ್’ ಇಟ್ಟರೆ ತುದಿಗಳಲ್ಲಿ ಗೋಡೆಗೆ ಬಡಿದಂತೆ ತಟ್ಟನೆ ತಿರುಗಿತು. ‘ಬೆಜಿಯರ್’ ಇಟ್ಟಾಗ ನಿಧಾನಿಸಿ ಹಿಂತಿರುಗಿತು, ಅಮ್ಮ ತೂಗಿದ ಹಾಗೆ.

ಒಂದು ಕಾಲಕ್ಕೆ ಇದು ಮನುಷ್ಯರ ಕೆಲಸ. ಡಿಸ್ನಿಯಂಥ ಸ್ಟುಡಿಯೋಗಳಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬರೆದರೆ, ನಡುವಿನವನ್ನೆಲ್ಲ ಕಿರಿಯ ಸಹಾಯಕರು ತುಂಬುತ್ತಿದ್ದರು. ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ನೆಸ್ಟರ್ ಬರ್ಟ್‌ನಿಕ್, ಮಾರ್ಸೆಲಿ ವೈನ್ ಜತೆ ಸೇರಿ, ಆ ಭಾಗವನ್ನು ಕಂಪ್ಯೂಟರಿಗೆ ವಹಿಸಿದರು. ಅದರಿಂದಲೇ 1974ರಲ್ಲಿ ಪೀಟರ್ ಫೋಲ್ಡೆಸ್ ‘ಹಂಗರ್’ ತೆಗೆದರು: ತಿಂದು ತಿಂದು ಉಬ್ಬಿದವನನ್ನು ಕೊನೆಗೆ ಹಸಿದವರೇ ತಿನ್ನುವ ಕಥೆ. ಗೆರೆಗಳು ಅಲ್ಲಿ ಮೇಣದಂತೆ ಕರಗಿ ಇನ್ನೊಂದಾಗುತ್ತವೆ. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1997ರಲ್ಲಿ ಅವರಿಬ್ಬರಿಗೂ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ನ್ಯಾಯವೇ. ಆದರೆ ಆ ಕಿರಿಯರಲ್ಲಿ ಎಷ್ಟೋ ಜನರ ಹೆಸರು ತಾವು ದುಡಿದ ಸಿನಿಮಾದ ಟೈಟಲ್ ಕಾರ್ಡಿನಲ್ಲೂ ಇರಲಿಲ್ಲ.