ಸಾಲ್ಮನ್ ತೊರೆಗಳ ಸಮೀಕ್ಷೆ: ಅಲಾಸ್ಕದ ವುಡ್ ನದಿ ಸರೋವರಗಳು

ಕಡಲಿನಿಂದ ಮರಳಿ ಬರುವ ಸಾಲ್ಮನ್ ಮೀನು ಯಾವ ತೊರೆಯನ್ನು ಹೊಕ್ಕಿತು, ಯಾವಾಗ ಬಂತು, ಎಷ್ಟು ಬಂತು, ಅಲ್ಲಿನ ನೀರೂ ನೆಲವೂ ಮೊಟ್ಟೆಯಿಡಲು ಹೇಗೆ ಒದಗಿದವು ಎಂಬುದನ್ನು ಸ್ಥಳದಲ್ಲೇ ನೋಡಿ ಬರೆದಿಡುವ ಕೆಲಸ. ಉತ್ತರ ಅಮೆರಿಕದ ಶಾಂತಸಾಗರ ತೀರದ ಹಲವು ಜಲಾನಯನಗಳಲ್ಲಿ ಇದು ನಡೆಯುತ್ತದೆ. ಒಂದೇ ಸರೋವರ ಮಾಲೆಯ ತೊರೆಗಳನ್ನು ದಶಕಗಟ್ಟಲೆ ಬಿಡದೆ ನಡೆದು ಎಣಿಸಿದ ದಾಖಲೆ ಮಾತ್ರ ಅಪರೂಪ. ಅಲಾಸ್ಕದ ನೈಋತ್ಯ ಭಾಗದ ಬ್ರಿಸ್ಟಲ್ ಕೊಲ್ಲಿಗೆ ನೀರುಣಿಸುವ ವುಡ್ ನದಿ ಸರೋವರಗಳು ಅಂಥ ದಾಖಲೆ ಇರುವ ಜಾಗ.

ಇಲ್ಲಿನ ಮುಖ್ಯ ಸರೋವರಗಳು ಕುಲಿಕ್, ಬೆವರ್ಲಿ, ನರ್ಕಾ ಮತ್ತು ಅಲೆಕ್ನಗಿಕ್. ಹಿಮಯುಗದ ಹಿಮನದಿಗಳು ಕೊರೆದುಹೋದ ಈ ಉದ್ದನೆಯ ಕೆರೆಗಳನ್ನು ಗಿಡ್ಡ, ರಭಸದ ನದಿಗಳು ಸರಪಳಿಯಂತೆ ಜೋಡಿಸಿವೆ. ಕೊನೆಯ ಅಲೆಕ್ನಗಿಕ್‌ನಿಂದ ಹೊರಡುವ ವುಡ್ ನದಿ ಡಿಲ್ಲಿಂಗಮ್ ಊರಿನ ಬಳಿ ಕೊಲ್ಲಿಯ ನೀರನ್ನು ಸೇರುತ್ತದೆ. ಸರೋವರಗಳ ಇಕ್ಕೆಲದ ಗುಡ್ಡಗಳಿಂದ ಇಳಿಯುವ ಹತ್ತಾರು ತೊರೆಗಳಲ್ಲಿ ಕೆಲವನ್ನು ಒಂದೇ ಜಿಗಿತಕ್ಕೆ ದಾಟಬಹುದು. 1978ರಿಂದ ಈ ಪ್ರದೇಶದ ಹೆಚ್ಚಿನ ಭಾಗ ವುಡ್-ಟಿಕ್ಚಿಕ್ ರಾಜ್ಯ ಉದ್ಯಾನದ ಒಳಗಿದೆ.

ಎಣಿಕೆಗೆ ಸಿಗುವ ಮುಖ್ಯ ಮೀನು ಸಾಕೈ ಸಾಲ್ಮನ್. (ಕರಾವಳಿಯ ಪೇಟೆಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರಾಟವಾಗುವ ರಾವಸ್‌ಗೂ ಇದಕ್ಕೂ ನಂಟಿಲ್ಲ, ರಾವಸ್ ಬೇರೊಂದು ಕುಲದ ಕಡಲ ಮೀನು.) ಸಾಕೈ ತನ್ನ ಬಾಳಿನ ಮೊದಲ ಒಂದೆರಡು ವರ್ಷಗಳನ್ನು ಸಾಮಾನ್ಯವಾಗಿ ಸರೋವರದಲ್ಲಿ ಕಳೆಯುತ್ತದೆ. ಆಮೇಲೆ ಕಡಲಿಗಿಳಿದು, ಎರಡು ಮೂರು ವರ್ಷ ಮೇದು, ಹುಟ್ಟಿದ ನೀರಿಗೇ ಹಿಂತಿರುಗುತ್ತದೆ. ಬರುವಾಗ ಬೆಳ್ಳಿ ಬಣ್ಣದ್ದಾಗಿದ್ದ ಮೈ ಸರೋವರದಲ್ಲಿ ಕೆಂಪಾಗಿ, ತಲೆ ಹಸಿರಾಗುತ್ತದೆ. ಗಂಡಿಗೆ ಬೆನ್ನಿನ ಗೂನು ಏಳುತ್ತದೆ, ದವಡೆ ಕೊಕ್ಕೆಯಾಗುತ್ತದೆ. ಹೆಣ್ಣು ಬಾಲ ಬಡಿದು ಜಲ್ಲಿಕಲ್ಲಿನಲ್ಲಿ ಗುಳಿ ತೋಡಿ, ಮೊಟ್ಟೆಯಿಟ್ಟು, ಮೇಲೆ ಕಲ್ಲು ಮುಚ್ಚಿ ಕಾಯುತ್ತದೆ. ಕೆಲವು ದಿನಗಳಲ್ಲಿ ಗಂಡೂ ಹೆಣ್ಣೂ ಎರಡೂ ಸಾಯುತ್ತವೆ. ಎಣಿಸುವವರಿಗೆ ಇದರಿಂದ ಒಂದು ಅನುಕೂಲವಿದೆ: ಒಳಬಂದ ಮೀನು ಮತ್ತೆ ಕಡಲಿಗೆ ಹೋಗುವುದಿಲ್ಲ.

ಯಾವ ತೊರೆಗೆ ಮೀನು ಮೊದಲು ಬರುತ್ತದೆ, ಯಾವುದಕ್ಕೆ ತಡವಾಗಿ ಬರುತ್ತದೆ ಎಂಬ ತಿಳಿವಳಿಕೆ ಇಲ್ಲಿನ ಯುಪಿಕ್ ಜನರಿಗೆ ವಿಜ್ಞಾನಿಗಳು ಕಾಲಿಡುವ ಎಷ್ಟೋ ಮೊದಲೇ ಇತ್ತು. ಚಳಿಗಾಲಕ್ಕೆ ಮೀನು ಸೀಳಿ ಒಣಗಿಸಿ ಹೊಗೆಯಾಡಿಸಿಡುವ ಮನೆಗೆ ಅದು ಬದುಕಿನ ಲೆಕ್ಕ. ಬರೆದಿಟ್ಟ ಲೆಕ್ಕ ಶುರುವಾದದ್ದು ಡಬ್ಬಿ ಕಾರ್ಖಾನೆಗಳು ಬಂದ ಮೇಲೆ. 1880ರ ದಶಕದಲ್ಲಿ ನೆರೆಯ ನುಷಗಾಕ್ ನದಿಯ ದಂಡೆಯಲ್ಲಿ ಮೊದಲ ಕಾರ್ಖಾನೆ ಎದ್ದಿತು. ಆ ಲೆಕ್ಕವೂ ಸತ್ತ ಮೀನಿನದು: ಎಷ್ಟು ಪೆಟ್ಟಿಗೆ ಡಬ್ಬಿ ಹಡಗೇರಿತು ಎಂಬುದು ಗೊತ್ತಿತ್ತು, ಬಲೆ ತಪ್ಪಿಸಿಕೊಂಡು ಮೇಲೆ ಹೋದದ್ದೆಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆ ಎರಡನೆಯ ಸಂಖ್ಯೆಯನ್ನು ಹಿಡಿಯುವ ಮೊದಲ ಯತ್ನಗಳಲ್ಲಿ ಒಂದು ಇಲ್ಲಿಯೇ ನಡೆಯಿತು. 1908ರಿಂದ ವುಡ್ ನದಿಯೊಳಗಿನ ವಾಣಿಜ್ಯ ಮೀನುಗಾರಿಕೆ ನಿಂತಿತು. ಅದೇ ವರ್ಷ ಅಮೆರಿಕ ಸರ್ಕಾರದ ಮೀನುಗಾರಿಕೆ ಇಲಾಖೆಯವರು ಅಲೆಕ್ನಗಿಕ್ ಸರೋವರದ ಬಾಯಿಗೆ ಅಡ್ಡವಾಗಿ ತಡೆಬೇಲಿ ಕಟ್ಟಿ, ಕಿಂಡಿಯಲ್ಲಿ ದಾಟುವ ಮೀನುಗಳನ್ನು ಎಣಿಸಿದರು. ಕೊಡಿಯಾಕ್ ದ್ವೀಪದ ಕಾರ್ಲುಕ್ ನದಿಯಲ್ಲಿ 1921ರಲ್ಲಿ ಇಂಥದೇ ಬೇಲಿ ಎದ್ದಿತು. ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಗಿಲ್ಬರ್ಟ್ ಅದರ ಹಿಂದಿದ್ದವರು. ಮೀನಿನ ಹುರುಪೆಯಲ್ಲಿ ಮರದ ಉಂಗುರಗಳಂತೆ ಕೂಡುವ ಗೆರೆಗಳಿಂದ ಸಾಕೈಯ ವಯಸ್ಸನ್ನೂ, ಸರೋವರದಲ್ಲಿ ಕಳೆದ ವರ್ಷಗಳನ್ನೂ ಓದಬಹುದೆಂದು ತೋರಿಸಿಕೊಟ್ಟವರೂ ಅವರೇ. ವಯಸ್ಸು ತಿಳಿದ ಮೇಲೆ ಈ ವರ್ಷ ಬಂದ ಮೀನನ್ನು ನಾಲ್ಕೈದು ವರ್ಷ ಹಿಂದಿನ ತಾಯಿ ಮೀನುಗಳಿಗೆ ಲೆಕ್ಕದಲ್ಲಿ ಜೋಡಿಸಲು ಬಂತು. 1924ರ ವೈಟ್ ಕಾಯಿದೆ ಮೀನು ಸಂತತಿಯ ಅರ್ಧದಷ್ಟನ್ನಾದರೂ ಮೊಟ್ಟೆಯಿಡಲು ಬಿಡಬೇಕೆಂದಿತು. ಬೇಲಿ ಇದ್ದ ನದಿಗಳಲ್ಲಿ ಮಾತ್ರ ಅರ್ಧವೆಂದರೆ ಎಷ್ಟೆಂದು ತಿಳಿಯುತ್ತಿತ್ತು. ಉಳಿದೆಡೆ ಅದು ಕಾಗದದ ಮೇಲಿನ ಅರ್ಧವಾಗಿಯೇ ಉಳಿಯಿತು.

ತೊರೆಗಳನ್ನು ನೋಡದೆ ಮಾಡಿದ ಊಹೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಆ ಕಾಲದ್ದೇ ಒಂದು ಪ್ರಸಂಗವಿದೆ. ಸಾಲ್ಮನ್ ಕಡಿಮೆಯಾಗಲು ಅದರ ಮೊಟ್ಟೆ, ಮರಿ ತಿನ್ನುವ ಡಾಲಿ ವಾರ್ಡನ್ ಎಂಬ ಮೀನೇ ಕಾರಣವೆಂದು ಬಗೆದು, ಅದರ ಬಾಲ ತಂದವರಿಗೆ ಬಹುಮಾನ ಕೊಡಲಾಗುತ್ತಿತ್ತು. ಒಮ್ಮೆ ಬಾಲಗಳ ಒಂದು ರಾಶಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ರೇನ್‌ಬೋ ಟ್ರೌಟ್ ಮತ್ತು ಕೋಹೊ ಸಾಲ್ಮನ್‌ಗಳದ್ದೆಂದು ಬಯಲಾಯಿತು. ಸಾಲ್ಮನ್ ಉಳಿಸಲು ಸಾಲ್ಮನ್ ಕೊಂದವರಿಗೇ ಹಣ ಸಂದಿತ್ತು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಸ್ಟಲ್ ಕೊಲ್ಲಿಯ ಮೀನು ಇಳಿಮುಖವಾಗಿತ್ತು. ಕಾರಣ ಹುಡುಕಲು ಡಬ್ಬಿ ಉದ್ಯಮವೇ ಹಣ ಹಾಕಿತು. 1947ರಲ್ಲಿ ಸಿಯಾಟಲ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆರಂಭವಾಯಿತು, ಡಬ್ಲ್ಯು. ಎಫ್. ಥಾಂಪ್ಸನ್ ಅದರ ಮೊದಲ ನಿರ್ದೇಶಕರು. ಅವರು ಅದಕ್ಕೂ ಮೊದಲು ಕೆನಡಾದ ಫ್ರೇಸರ್ ನದಿಯಲ್ಲಿ ದುಡಿದಿದ್ದರು. ಅಲ್ಲಿನ ಹೆಲ್ಸ್ ಗೇಟ್ ಕಣಿವೆಯಲ್ಲಿ ರೈಲುಹಾದಿಯ ಕೆಲಸದಿಂದ ಬಿದ್ದ ಬಂಡೆಗಳು ಸಾಲ್ಮನ್ ದಾರಿಯನ್ನು ಕೆಡಿಸಿದ್ದವು. ಅದಕ್ಕೆ ಪರಿಹಾರವಾಗಿ 1940ರ ದಶಕದ ನಡುವಿನಲ್ಲಿ ಮೀನುಮೆಟ್ಟಿಲುಗಳನ್ನು ಕಟ್ಟಿಸಿದ ಯೋಜನೆಯ ಮುಂಚೂಣಿಯಲ್ಲಿ ಅವರಿದ್ದರು. ಒಂದು ನದಿಯ ಮೀನೆಲ್ಲ ಒಂದೇ ಬಳಗವಲ್ಲ, ಒಂದೊಂದು ಉಪತೊರೆಗೂ ಅದರದೇ ಸಂತತಿ ಇದೆ ಎಂಬ ನೋಟ ಅವರಿಗೆ ಫ್ರೇಸರ್ ಕೊಟ್ಟದ್ದು. ಅಲೆಕ್ನಗಿಕ್ ಮತ್ತು ನರ್ಕಾ ದಡಗಳಲ್ಲಿ ಬೀಡುಬಿಟ್ಟ ಅವರ ಸಂಸ್ಥೆ ಸರೋವರದ ಬಾಯಿಯಲ್ಲಿ ನಿಂತು ಒಟ್ಟು ಎಣಿಸುವುದಕ್ಕೆ ತೃಪ್ತಿಪಡದೆ ತೊರೆತೊರೆಗೂ ಹೋಯಿತು.

ಬಾಯಿಯ ಎಣಿಕೆಯೂ ಬದಲಾಯಿತು. ಬೇಲಿ ಪ್ರವಾಹಕ್ಕೆ ಕೊಚ್ಚಿಹೋಗುತ್ತಿತ್ತು, ಮೀನನ್ನೂ ತಡೆಯುತ್ತಿತ್ತು. 1950ರ ದಶಕದಲ್ಲಿ ಅದರ ಬದಲು ಎರಡು ದಡಗಳಲ್ಲೂ ಎತ್ತರದ ಅಟ್ಟಣೆ ಬಂತು. ತಿಳಿನೀರಿನಲ್ಲಿ ದಡಕ್ಕಂಟಿ ಸಾಲುಗಟ್ಟಿ ಏರುವ ಮೀನನ್ನು ಮೇಲಿಂದ ನೋಡುತ್ತ, ಗಂಟೆಗೆ 10 ನಿಮಿಷ ಎಣಿಸಿ, ಆ ಸಂಖ್ಯೆಯನ್ನು ಆರು ಪಟ್ಟು ಮಾಡುವುದು ವಿಧಾನ. ಅಲಾಸ್ಕ 1959ರಲ್ಲಿ ರಾಜ್ಯವಾದ ಮೇಲೆ ಈ ಹೊಣೆ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯದಾಯಿತು. ನುಷಗಾಕ್‌ನಂಥ ಕದಡಿದ ನದಿಯಲ್ಲಿ ಅಟ್ಟಣೆ ಉಪಯೋಗಕ್ಕೆ ಬಾರದು. ಅಲ್ಲಿ ನೀರೊಳಗೆ ಶಬ್ದದಲೆ ಕಳಿಸುವ ಸೋನಾರ್ ಎಣಿಸುತ್ತದೆ. ಮೇಲೆ ಹೋದ ಮೀನಿನ ಸಂಖ್ಯೆ ನಿಗದಿತ ಗುರಿಯ ಕಡೆ ಸಾಗುತ್ತಿದೆಯೇ ಎಂದು ನೋಡಿ ಕೆಳಗೆ ದೋಣಿಗಳಿಗೆ ಬಲೆ ಬೀಸುವ ವೇಳೆ ಗೊತ್ತುಮಾಡುತ್ತಾರೆ. ವುಡ್ ನದಿಗೆ ಈಚಿನ ವರ್ಷಗಳಲ್ಲಿ ಇಟ್ಟುಕೊಂಡ ಗುರಿ 7 ಲಕ್ಷದಿಂದ 18 ಲಕ್ಷ.

ತೊರೆಯ ಎಣಿಕೆ ಜುಲೈ ಕೊನೆಗೆ ಮೊದಲಾಗುತ್ತದೆ. ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ನೀರಿನ ಥಳಕನ್ನು ತಡೆಯುವ ಕನ್ನಡಕ ಹಾಕಿ, ಕೈಯಲ್ಲಿ ಬೆರಳೊತ್ತಿದರೆ ಅಂಕಿ ಸರಿಯುವ ಪುಟ್ಟ ಯಂತ್ರ ಹಿಡಿದು ಇಬ್ಬರು ಮೂವರು ತೊರೆಯುದ್ದಕ್ಕೂ ನಡೆಯುತ್ತಾರೆ. ಬದುಕಿದ್ದವು ಒಂದು ಲೆಕ್ಕ, ಸತ್ತವು ಇನ್ನೊಂದು. ಸತ್ತವುಗಳಲ್ಲಿ ತಾನಾಗಿ ಸತ್ತದ್ದು, ಕರಡಿ ಕೊಂದದ್ದು, ಕಡಲಹಕ್ಕಿ ಕುಕ್ಕಿದ್ದು ಎಂದು ಮತ್ತೆ ಬೇರೆ ಬೇರೆ. ಕರಡಿ ಆಗಾಗ ಮೊಟ್ಟೆ ತುಂಬಿದ ಹೊಟ್ಟೆಯನ್ನೋ ತಲೆಯನ್ನೋ ಮಾತ್ರ ತಿಂದು ಉಳಿದದ್ದನ್ನು ಬಿಡುವುದರಿಂದ ಗುರುತಿಸುವುದು ಕಷ್ಟವಲ್ಲ. ಅದೇ ಕರಡಿ ಮುಂದಿನ ತಿರುವಿನಲ್ಲಿ ಇರಬಹುದಾದ್ದರಿಂದ ಎಣಿಸುವವರು ಗದ್ದಲ ಮಾಡುತ್ತಲೇ ನಡೆಯುತ್ತಾರೆ. ಸತ್ತ ಮೀನಿನ ಉದ್ದ ಅಳೆದು, ವಯಸ್ಸು ಓದಲು ತಲೆಯೊಳಗಿನ ಕಿವಿಕಲ್ಲನ್ನು ತೆಗೆದುಕೊಳ್ಳುವುದೂ ಉಂಟು.

ಒಂದು ದಿನ ಕಂಡ ಮೀನು ಆ ವರ್ಷ ಬಂದ ಮೀನಲ್ಲ. ಕೆಲವು ಆಗಲೇ ಸತ್ತಿರುತ್ತವೆ, ಕೆಲವು ಇನ್ನೂ ಸರೋವರದಲ್ಲಿ ತೊರೆಯ ಬಾಯಿಗೆ ಮುಖಮಾಡಿ ಕಾಯುತ್ತಿರುತ್ತವೆ. ತೊರೆ ತುಂಬಿ ತುಳುಕುವ ಹೊತ್ತಿಗೆ ಒಮ್ಮೆ ಎಣಿಸಿ ವರ್ಷದಿಂದ ವರ್ಷಕ್ಕೆ ಹೋಲಿಸುವುದು ಸುಲಭದ ಉಪಾಯ. ಹೆಚ್ಚು ನಂಬಲರ್ಹವಾದದ್ದು ಪದೇ ಪದೇ ಎಣಿಸಿ, ದಿನದಿನದ ಸಂಖ್ಯೆಗಳನ್ನು ಕೂಡಿಸಿ, ಒಂದು ಮೀನು ತೊರೆಯಲ್ಲಿ ಸರಾಸರಿ ಎಷ್ಟು ದಿನ ಬದುಕಿರುತ್ತದೋ ಅದರಿಂದ ಭಾಗಿಸುವುದು. ದಿನದ ಲೆಕ್ಕಗಳ ಮೊತ್ತ 6,000 ಬಂದು, ಮೀನಿನ ಬಾಳು ತೊರೆಯಲ್ಲಿ 10 ದಿನವಾದರೆ, ಬಂದದ್ದು 600 ಮೀನು. ಆ 10 ದಿನ ಎಂಬುದನ್ನು ತಿಳಿಯಲು ಮೀನಿಗೆ ಬಿಲ್ಲೆ ಕಟ್ಟಿ ಬಿಟ್ಟು, ಒಂದೊಂದರ ಹಿಂದೆಯೂ ಬೀಳಬೇಕು. ಮಳೆ ಬಂದು ನೀರು ಕದಡಿದರೆ ಅಂದಿನ ಎಣಿಕೆ ಕೆಟ್ಟಂತೆಯೇ.

ನೆಲೆಯ ಸಮೀಕ್ಷೆ ಇದರ ಜೊತೆಗೇ ಸಾಗುತ್ತದೆ. ತೊರೆಯ ಅಗಲ, ಆಳ, ಇಳಿಜಾರು, ತಳದ ಕಲ್ಲಿನ ಗಾತ್ರ, ಬಿದ್ದ ಮರ, ಬೀವರ್ ಕಟ್ಟಿದ ಒಡ್ಡು, ತಳದಿಂದ ಒಸರುವ ನೀರು, ಇವೆಲ್ಲ ದಾಖಲಾಗುತ್ತವೆ. ಇವುಗಳಲ್ಲಿ ಹೆಚ್ಚು ಹೇಳುವುದು ನೀರಿನ ತಾಪ. ಕಡಿದಾದ ಗುಡ್ಡದ ತಣ್ಣನೆ ತೊರೆಯಲ್ಲಿ ಮೊಟ್ಟೆ ನಿಧಾನವಾಗಿ ಬಲಿಯುತ್ತದೆ, ಆದ್ದರಿಂದ ಅಲ್ಲಿನ ಮೀನು ಬೇಗ ಬರುತ್ತದೆ. ಮೇಲೆ ಕೆರೆಯಿದ್ದು ನೀರು ಬೆಚ್ಚಗಿರುವ ಕಡೆ ತಡವಾಗಿ ಬರುತ್ತದೆ. ಹೀಗಾಗಿ ಕೆಲವೇ ಕಿಲೋಮೀಟರ್ ಅಂತರದ ಎರಡು ತೊರೆಗಳಲ್ಲಿ ಒಂದು ಬರಿದಾಗುವ ಹೊತ್ತಿಗೆ ಇನ್ನೊಂದು ತುಂಬುತ್ತದೆ. ಇದು ಕರಡಿಗೂ ಕಡಲಹಕ್ಕಿಗೂ ಗೊತ್ತು. ಅವು ತೊರೆಯಿಂದ ತೊರೆಗೆ ಸರಿಯುತ್ತ ಕೆಲವು ವಾರಗಳ ಸುಗ್ಗಿಯನ್ನು ತಿಂಗಳುಗಳಿಗೆ ಹಿಗ್ಗಿಸಿಕೊಳ್ಳುತ್ತವೆ.

ನೆಲೆ ಮೀನಿನ ಮೈಯನ್ನೂ ತಿದ್ದುತ್ತದೆ. ಸಾಕೈ ತೊರೆಯಲ್ಲಷ್ಟೇ ಅಲ್ಲ, ಸರೋವರದ ದಡದ ಜಲ್ಲಿಯಲ್ಲೂ, ಸರೋವರಗಳನ್ನು ಜೋಡಿಸುವ ನದಿಗಳಲ್ಲೂ ಮೊಟ್ಟೆಯಿಡುತ್ತದೆ. ದಡದ ಗಂಡಿಗೆ ಎತ್ತರದ ಬೆನ್ನು, ಕಿರುತೊರೆಯ ಗಂಡಿಗೆ ಸಪೂರ ಮೈ. ಅಲೆಕ್ನಗಿಕ್ ಸೇರುವ ಹ್ಯಾನ್ಸೆನ್ ತೊರೆ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. ಅದರ ಉದ್ದ ಸುಮಾರು 2 ಕಿಲೋಮೀಟರ್, ಅಗಲ ಸುಮಾರು 4 ಮೀಟರ್, ನೀರು ಸಾಮಾನ್ಯವಾಗಿ ಗೇಣುದ್ದವೂ ಇಲ್ಲ. ಮೀನಿನ ಬೆನ್ನು ನೀರಿನ ಮೇಲೆಯೇ ಇರುತ್ತದೆ. ದೊಡ್ಡ ಗೂನಿನ ಗಂಡು ಬಾಯಿಯ ತೆಳುನೀರಿನಲ್ಲೇ ಸಿಕ್ಕಿಬಿದ್ದು ಸಾಯುತ್ತದೆ, ಅಥವಾ ಕರಡಿಯ ಕಣ್ಣಿಗೆ ಮೊದಲು ಬೀಳುತ್ತದೆ. ಉಳಿದು ವಂಶ ಬೆಳೆಸುವುದು ಸಣಕಲು ಮೀನು.

ಇದೇ ತೊರೆಯಲ್ಲಿ ಎಣಿಕೆಯ ಒಂದು ಸಣ್ಣ ರೂಢಿ ತಾನಾಗಿ ಪ್ರಯೋಗವಾಯಿತು. ಎಣಿಸಿದ ಹೆಣವನ್ನು ಮರುದಿನ ಮತ್ತೆ ಎಣಿಸಬಾರದೆಂದು ಅದನ್ನು ದಡಕ್ಕೆ ಎಸೆಯುವುದು ವಾಡಿಕೆ. ಸಂಶೋಧಕ ಥಾಮಸ್ ಕ್ವಿನ್ ಮತ್ತು ಸಂಗಡಿಗರು ಎಲ್ಲವನ್ನೂ ಒಂದೇ ದಡಕ್ಕೆ ಎಸೆಯತೊಡಗಿದರು. 20 ವರ್ಷಗಳಲ್ಲಿ ಹೀಗೆ ಆ ದಡ ಸೇರಿದ್ದು 2,17,055 ಮೀನು, ತೂಕದಲ್ಲಿ ಸುಮಾರು 267 ಟನ್. ಬಳಿಕ ಬಿಳಿ ಸ್ಪ್ರೂಸ್ ಮರಗಳ ಕಾಂಡ ಕೊರೆದು ಉಂಗುರ ಓದಿದಾಗ, ಗೊಬ್ಬರ ಬಿದ್ದ ದಡದ ಮರಗಳು ಬೆಳವಣಿಗೆಯಲ್ಲಿ ಚುರುಕಾಗಿದ್ದು ಕಂಡಿತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶ, ಕಡಲಿನ ಸಾರ ಮೀನಿನ ಮೈಯೇರಿ ಕಾಡಿಗೆ ಬರುತ್ತದೆಂಬ ಮಾತಿಗೆ ಅಪರೂಪದ ನೇರ ಸಾಕ್ಷ್ಯ.

ಇಷ್ಟು ವರ್ಷಗಳ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡಾಗ ಬೇರೊಂದು ಚಿತ್ರ ಮೂಡಿತು. ರೇ ಹಿಲ್ಬಾರ್ನ್, ಕ್ವಿನ್, ಡೇನಿಯಲ್ ಶಿಂಡ್ಲರ್ ಮತ್ತು ಡೊನಾಲ್ಡ್ ರೋಜರ್ಸ್ 2003ರಲ್ಲಿ ತೋರಿಸಿದಂತೆ, ಒಂದು ಕಾಲದಲ್ಲಿ ಅಷ್ಟೇನೂ ಮೀನು ಕೊಡದಿದ್ದ ಎಗೆಗಿಕ್ ನದಿ 1970ರ ದಶಕದ ಕೊನೆಯಲ್ಲಿ ಕಡಲಿನ ಹವೆ ಬದಲಾದ ಮೇಲೆ ಬ್ರಿಸ್ಟಲ್ ಕೊಲ್ಲಿಯ ದೊಡ್ಡ ಆಸರೆಗಳಲ್ಲೊಂದಾಯಿತು. ಮೊದಲು ಎಲ್ಲಕ್ಕೂ ಮಿಗಿಲಾಗಿದ್ದ ಕ್ವಿಚಾಕ್ ನದಿ ಆಮೇಲೆ ಕುಗ್ಗಿತು. ತೊರೆಗಳ ಮಟ್ಟದಲ್ಲೂ ಇದೇ ಕಥೆ: ಒಂದು ಸೊರಗಿದ ವರ್ಷ ಇನ್ನೊಂದು ಹಿಗ್ಗುತ್ತದೆ. 2010ರಲ್ಲಿ ಶಿಂಡ್ಲರ್ ಮತ್ತು ಜೊತೆಗಾರರು ಇದಕ್ಕೆ ಅಂಕಿ ಕೊಟ್ಟರು. ಕೊಲ್ಲಿಯ ಸಾಕೈ ನೂರಾರು ಸಂತತಿಗಳ ಬದಲು ಒಂದೇ ಬಗೆಯದಾಗಿದ್ದರೆ ವರ್ಷದಿಂದ ವರ್ಷಕ್ಕೆ ಏರಿಳಿತ ಈಗಿನ 2.2 ಪಟ್ಟು ಇರುತ್ತಿತ್ತು, ಮೀನುಗಾರಿಕೆ ಮುಚ್ಚಬೇಕಾದ ವರ್ಷಗಳು ಹತ್ತು ಪಟ್ಟಾಗುತ್ತಿದ್ದವು. ಹಲವೆಡೆ ಹಣ ಹೂಡಿದವರ ಜಾಣತನಕ್ಕೆ ಇದನ್ನು ಹೋಲಿಸುವುದು ವಾಡಿಕೆ. ನಾಲ್ಕು ಕಡೆ ತುಂಡು ಜಮೀನಿದ್ದವನಿಗೆ ಹೋಲಿಸಿದರೂ ಸಲ್ಲುತ್ತದೆ. 2022ರಲ್ಲಿ ಕೊಲ್ಲಿಗೆ ಸುಮಾರು 7.9 ಕೋಟಿ ಸಾಕೈ ಬಂತು, ದಾಖಲೆಗಳಲ್ಲೇ ಅತಿ ದೊಡ್ಡದು.

ತೊರೆಗೆ ಹೋಗಿ ನೋಡಿ ಬರೆದಿಡುವುದಕ್ಕೆ ಕಾನೂನಿನ ತೂಕವೂ ಇದೆ. ಕಡಲಿನಿಂದ ಬರುವ ಮೀನಿರುವ ನೀರುಗಳ ಪಟ್ಟಿಯೊಂದನ್ನು ಅಲಾಸ್ಕದ ಇಲಾಖೆ ಇಟ್ಟುಕೊಂಡಿದೆ. ಪಟ್ಟಿಯಲ್ಲಿರುವ ತೊರೆಯಲ್ಲಿ ಕೆಲಸ ಮಾಡಲು ಪರವಾನಗಿ ಬೇಕು. ಪಟ್ಟಿ ಸೇರಲು ಯಾರಾದರೂ ಅಲ್ಲಿ ಹೋಗಿ ಮೀನು ಕಂಡು ದಾಖಲಿಸಿರಬೇಕು. ನೋಡಿದವರಿಲ್ಲದ ತೊರೆಗೆ ಆ ರಕ್ಷಣೆಯಿಲ್ಲ. ನುಷಗಾಕ್ ಮತ್ತು ಕ್ವಿಚಾಕ್ ನದಿಗಳ ತಲೆಭಾಗದಲ್ಲಿ ಯೋಜಿಸಿದ್ದ ಪೆಬಲ್ ತಾಮ್ರ-ಚಿನ್ನದ ಗಣಿಯ ವಾದವಿವಾದದಲ್ಲಿ ಸಣ್ಣ ತೊರೆಗಳೇ ಮುಖ್ಯ ವಿಷಯವಾದವು. 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಗಣಿಯ ತ್ಯಾಜ್ಯವನ್ನು ಅಲ್ಲಿನ ಕೆಲವು ನೀರುಗಳಲ್ಲಿ ಸುರಿಯದಂತೆ ತಡೆಯಿತು.

ನಡೆದು ಎಣಿಸುವುದಕ್ಕೆ ಈಗ ಬೇರೆ ವಿಧಾನಗಳೂ ಜೊತೆಯಾಗಿವೆ. ಒಂದೊಂದು ತೊರೆಯ ನೀರಿಗೂ ತಳದ ಬಂಡೆಗೆ ತಕ್ಕ ಸ್ಟ್ರಾನ್ಷಿಯಂ ಗುರುತಿರುತ್ತದೆ, ಅದು ಮೀನಿನ ಕಿವಿಕಲ್ಲಿನಲ್ಲಿ ಉಳಿಯುತ್ತದೆ. ನುಷಗಾಕ್‌ನಲ್ಲಿ ಅದನ್ನು ಓದಿ ಮೀನು ಬೆಳೆದ ಜಾಗಗಳ ನಕ್ಷೆ ಮಾಡಿದಾಗ, ಹೆಚ್ಚು ಮೀನು ಕೊಡುವ ಜಾಗ ವರ್ಷವರ್ಷಕ್ಕೂ ಬದಲಾಗುವುದು ಕಂಡಿತು. ಇದು 2019ರ ಫಲಿತಾಂಶ. ನೀರಿನಲ್ಲಿ ತೇಲುವ ಡಿಎನ್ಎ ತುಣುಕುಗಳನ್ನು ಅಳೆದು ಮೀನಿನ ಸಂಖ್ಯೆ ಊಹಿಸುವುದು ಇನ್ನೊಂದು ದಾರಿ. ಅದನ್ನು ಹ್ಯಾನ್ಸೆನ್ ತೊರೆಯಲ್ಲಿ ಪರೀಕ್ಷಿಸಿದಾಗ ಡಿಎನ್ಎ ಪ್ರಮಾಣ ಮೀನಿನ ಸಂಖ್ಯೆಯ ಜೊತೆಗೇ ಏರಿಳಿಯಿತು. ಹಾಗೆ ಹೋಲಿಸಲು ಬೇಕಾದ ಸಂಖ್ಯೆ ಸಿಕ್ಕಿದ್ದು ತೊರೆಯಲ್ಲಿ ನಡೆದು ಎಣಿಸಿದವರ ಪುಸ್ತಕದಿಂದ.