ನಿಸಿಧಿ ಕಲ್ಲಿನಿಂದ ಬೂದಿಯ ಕುಡಿಕೆಯವರೆಗೆ

ನವೆಂಬರ್ 1ರ ಸಂಜೆ ಗಾರ್ಕಿಂಗ್‌ನ ಸ್ಮಶಾನಕ್ಕೆ ಹೋದರೆ ದೀಪಾವಳಿಗೇ ಬಂದೆವೇನೋ ಅನ್ನಿಸುತ್ತದೆ. ಸಕಲ ಸಂತರ ಹಬ್ಬವೆಂದು ಜರ್ಮನಿಯ ಬವೇರಿಯಾದಲ್ಲಿ ಅಂದು ರಜೆ. ಗೋರಿಗಳ ಮುಂದೆ ಕೆಂಪು ಗಾಜಿನೊಳಗೆ ದೀಪ, ಹೊಸದಾಗಿ ನೆಟ್ಟ ಹೂಗಿಡ. ಮ್ಯೂನಿಕ್‌ನ ಉತ್ತರಕ್ಕಿರುವ ಈ ಪುಟ್ಟ ಊರಿನ ಲಾಂಛನದಲ್ಲಿ 1957ರ ಪರಮಾಣು ರಿಯಾಕ್ಟರಿನ 'ಮೊಟ್ಟೆ'ಯಾಕಾರದ ಗುಮ್ಮಟವಿದೆ, ಆಚೆಗೆ ನಕ್ಷತ್ರಗಳನ್ನು ಅಭ್ಯಸಿಸುವ ಸಂಸ್ಥೆಗಳಿವೆ. ಆದರೂ ಸತ್ತವರಿಗೆಂದು ವರ್ಷಕ್ಕೊಂದು ದಿನ ಎತ್ತಿಟ್ಟಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಎಡೆಯಿಟ್ಟು ಇನ್ನೂ ಹೆಚ್ಚು ದಿನವಾಗಿರದ ಇಲ್ಲಿನ ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ಮೇಲೇನು ಎಂಬ ಪ್ರಶ್ನೆಗೆ ಕನ್ನಡ ನಾಡು ಕೊಟ್ಟುಕೊಂಡ ಉತ್ತರಗಳನ್ನು ಸಾಲಾಗಿ ನೋಡಿದರೆ ನನಗೆ ಕಾಣುವುದು ಇಷ್ಟು: ಬರಬರುತ್ತ ಪರಲೋಕ ಚಿಕ್ಕದಾಯಿತು, ಮೋಹದ ಮಾತು ದೊಡ್ಡದಾಯಿತು.

ಮೊದಲ ಉತ್ತರಗಳು ಕಲ್ಲಿನ ಮೇಲಿವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು 600ರ ಹೊತ್ತಿನ ಶಾಸನ ಜೈನ ಮುನಿ ಪ್ರಭಾಚಂದ್ರನ ಸಮಾಧಿ ಮರಣವನ್ನು, ಅವನಂತೆಯೇ ದೇಹ ಬಿಟ್ಟ 700 ಋಷಿಗಳನ್ನು ನೆನೆಯುತ್ತದೆ. ನೂರು ವರ್ಷದ ಮೇಲೆ ನಂದಿಸೇನ ಮುನಿಯ ನಿಸಿಧಿ, ಅಂದರೆ ಅಂಥ ಮರಣದ ಸ್ಮಾರಕ ಕಲ್ಲು, ಕನ್ನಡದ ಕವಿತೆಯಾಗುತ್ತದೆ. ರೂಪ, ಸಿರಿ, ವೈಭವಗಳನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸುತ್ತದೆ. ಜೀವಕ್ಕೆ ಅಂಟಿದ ಕರ್ಮವನ್ನು ಆಹಾರ ಬಿಟ್ಟು ತೊಳೆದುಕೊಳ್ಳುವುದೇ ಸಲ್ಲೇಖನ. 982ರಲ್ಲಿ ರಾಷ್ಟ್ರಕೂಟರ ನಾಲ್ಕನೆಯ ಇಂದ್ರ ಕೂಡ ಇಲ್ಲೇ ಹೀಗೆ ಪ್ರಾಣ ಬಿಟ್ಟ. ಆದರೆ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಶಾಸನ ಓದಿದಾಗ ಮನಸ್ಸು ನಿಲ್ಲುತ್ತದೆ. ರಾಣಿಯೇ ಹೋದ ಮೇಲೆ ತಾನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದ ಆ ತಾಯಿ ಒಂದು ತಿಂಗಳು ಉಪವಾಸವಿದ್ದು ತೀರಿಕೊಂಡಳು. ಕೆತ್ತಿದ್ದು ವೈರಾಗ್ಯವನ್ನೇ, ಒಳಗಿದ್ದದ್ದು ಮಗಳ ಮೇಲಿನ ಜೀವ.

ವೀರಗಲ್ಲಿನಲ್ಲಿ ಅಷ್ಟು ತೊಡಕಿಲ್ಲ. ಕೆಳಗೆ ಕಾಳಗ, ನಡುವೆ ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಮದ್ದೂರು ಸೀಮೆಯ ಆತಕೂರಿನ ಕಲ್ಲಂತೂ ಹತ್ತನೆಯ ಶತಮಾನದ ನಡುವಿನದು, ಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ನಾಯಿಯದು. ಪೂಜೆಗೆ ಗೊರವನನ್ನು (ಶೈವ ಅರ್ಚಕನನ್ನು) ನೇಮಿಸಿ, ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಂದು ಬರೆಸಿದ್ದಾರೆ. ನಾಯಿಗೂ ಪಾಪದ ಲೆಕ್ಕವಿಟ್ಟವರು ನಮ್ಮವರು!

ಹನ್ನೆರಡನೆಯ ಶತಮಾನದ ಶರಣರು ಈ ಲೆಕ್ಕದ ಪುಸ್ತಕವನ್ನೇ ಮುಚ್ಚಿಟ್ಟರು. ಸೂತಕವಿಲ್ಲ, ಶ್ರಾದ್ಧವಿಲ್ಲ, ಸತ್ತವರು ಲಿಂಗೈಕ್ಯ. ಇಂದಿಗೂ ಲಿಂಗಾಯತರಲ್ಲಿ ದೇಹವನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಮುಂದಿನ ಶತಮಾನದಲ್ಲಿ ಉಡುಪಿಯ ಮಧ್ವರು ಅದೇ ಪುಸ್ತಕವನ್ನು ಮತ್ತೆ ತೆರೆದು ಇನ್ನಷ್ಟು ಬಿಗಿಯಾಗಿ ಬರೆದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರು ಮೂರು ಬಗೆ, ಮುಕ್ತರ ಆನಂದದಲ್ಲೂ ತಾರತಮ್ಯ. ದಾಸರು ಇದನ್ನು ಹಾಡಾಗಿಸಿದರು. ಹಾಡಿನಲ್ಲಿ ಜನರ ಬಾಯಿಗೆ ಬಂದದ್ದು ಮಾತ್ರ ತಾರತಮ್ಯವಲ್ಲ, ಹೆಂಡತಿ ಮಕ್ಕಳು ಹೊನ್ನು ಮಣ್ಣು ಯಾವುದೂ ಜೊತೆಗೆ ಬಾರದೆಂಬ ಮಾತು.

ಗ್ರಂಥಗಳ ಹಂಗಿಲ್ಲದ ಇನ್ನೊಂದು ಉತ್ತರ ತುಳುನಾಡು ಮತ್ತು ಕಾಸರಗೋಡಿನಲ್ಲಿದೆ. ಮದುವೆಯಾಗದೆ ಸತ್ತವರಿಗೆ ಮನೆಯವರು ಆಟಿ ತಿಂಗಳಲ್ಲಿ ಕುಲೆ (ಪ್ರೇತ) ಮದುವೆ ಮಾಡುತ್ತಾರೆ. ಸಂಬಂಧ ಹುಡುಕಬೇಕು, ಮಾತುಕತೆಯಾಗಬೇಕು. ಧಾರೆಸೀರೆ ತಂದಿಟ್ಟು, ಹುಡುಗಿ ಉಟ್ಟುಕೊಳ್ಳಲೆಂದು ಸ್ವಲ್ಪ ಹೊತ್ತು ಕಾಯುವುದೂ ಉಂಟು. ಕೊನೆಗೆ ಬಾಳೆಲೆ ಊಟ. ಕೂಸಾಗಿದ್ದಾಗ ಹೋದ ಮಗಳು ಕುಲೆಯಾಗಿ ಬೆಳೆದಿರುತ್ತಾಳೆ ಎಂಬ ಲೆಕ್ಕ ಯಾವ ದರ್ಶನದಲ್ಲೂ ಇಲ್ಲ. ಮೋಹವನ್ನು ಬಿಡಬೇಕೆಂದು ಉಳಿದವರೆಲ್ಲ ಹೇಳುತ್ತಿದ್ದಾಗ ಇವರು ಅದಕ್ಕೊಂದು ಚಪ್ಪರ ಹಾಕಿಕೊಟ್ಟರು. ಈ ಸಮೀಕ್ಷೆಯಲ್ಲಿ ನನ್ನ ಒಲವು ಇವರ ಕಡೆಗೇ.

ಕಳೆದ ಶತಮಾನದಲ್ಲಿ ಪ್ರಶ್ನೆ ಕಾದಂಬರಿಗೆ ಬಂತು. 1965ರ ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ನಾರಣಪ್ಪನ ಆತ್ಮದ ಗತಿಯ ಬಗ್ಗೆ ಯಾರಿಗೂ ಹೆಚ್ಚು ಚಿಂತೆಯಿಲ್ಲ. ಹೆಣ ಸುಡುವವರು ಯಾರು, ಅಲ್ಲಿಯವರೆಗೆ ಊಟ ಹೇಗೆ ಎಂಬುದೇ ಅಗ್ರಹಾರದ ಸಂಕಟ. ಅದೇ ವರ್ಷದ ಭೈರಪ್ಪನವರ 'ವಂಶವೃಕ್ಷ'ದಲ್ಲಿ ವಂಶವೇ ಪ್ರಶ್ನೆಯಾಯಿತು. ಅವರ 'ಸಾಕ್ಷಿ'ಯಲ್ಲಿ ಸತ್ತವನೊಬ್ಬ ಯಮನೆದುರು ಹೇಳಿಕೆ ಕೊಡುತ್ತಾನೆ, ಹೇಳುವುದೆಲ್ಲ ಇಲ್ಲಿನ ಆಸೆ, ಸುಳ್ಳುಗಳನ್ನೇ.

ಯಮನ ಕಚೇರಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಕಡತಕ್ಕೂ ಸೇರಿತು. ಅಲ್ಲಿ ಮನೋವಿಜ್ಞಾನಿಯಾಗಿದ್ದ ಸತ್ವಂತ್ ಪಸ್ರಿಚಾ ಅಮೆರಿಕದ ಇಯಾನ್ ಸ್ಟೀವನ್ಸನ್ ಜೊತೆಗೂಡಿ ಪುನರ್ಜನ್ಮದ ಹೇಳಿಕೆಗಳನ್ನು ದಾಖಲಿಸಿದರು, 1990ರಲ್ಲಿ ಪುಸ್ತಕ ತಂದರು. ಚನ್ನಪಟ್ಟಣದ ಸುತ್ತ ಸಾವಿನ ಅಂಚಿಗೆ ಹೋಗಿ ಮರಳಿದವರನ್ನೂ ಹುಡುಕಿದರು. ಇಂಥ ಭಾರತೀಯ ಕಥನಗಳಲ್ಲಿ ಪದೇಪದೇ ಬರುವ ಪ್ರಸಂಗವೊಂದಿದೆ: ಯಮದೂತರು ಕರೆದೊಯ್ದರು, ಅಲ್ಲಿ ಲೆಕ್ಕ ತೆಗೆದು ನೋಡಿದರೆ ಕರೆತರಬೇಕಾದವನು ಬೇರೆ, ವಾಪಸ್ ಕಳಿಸಿದರು. ಪಾಶ್ಚಾತ್ಯರ ಇಂಥ ಕಥನಗಳಲ್ಲಿ ಈ ಗುಮಾಸ್ತನ ತಪ್ಪು ಸಾಮಾನ್ಯವಾಗಿ ಕಾಣುವುದಿಲ್ಲ. ಕಂಡದ್ದು ಪರಲೋಕವೋ ಬಾಲ್ಯದಲ್ಲಿ ಕೇಳಿದ ಕತೆಯೋ ಎಂಬ ಸಂಶಯ ಇಲ್ಲಿಂದಲೇ ಹುಟ್ಟುತ್ತದೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಗಾರ್ಕಿಂಗ್‌ನಲ್ಲಿ ಈ ಚರ್ಚೆ ಬೂದಿಗೆ ಬಂದು ನಿಲ್ಲುತ್ತದೆ. ಜರ್ಮನ್ ಗೋರಿಯ ಜಾಗ ಗೇಣಿಯದು; ಅವಧಿ ಮುಗಿದು ಮನೆಯವರು ಮತ್ತೆ ಹಣ ಕಟ್ಟದಿದ್ದರೆ ಕಲ್ಲು ತೆಗೆಯುತ್ತಾರೆ. ಚಿತಾಭಸ್ಮವನ್ನು ಬವೇರಿಯಾದಲ್ಲಿ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಊರ ಪಕ್ಕದಲ್ಲೇ ಹರಿಯುವ ಈಸಾರ್ ಹೊಳೆಗೆ ಬಿಡುವಂತೆಯೂ ಇಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೇ ಬಿಡಬೇಕೆನ್ನುವವರು ಮರಣ ಪತ್ರ, ಚಿತಾಗಾರದ ಪ್ರಮಾಣಪತ್ರ, ಭಾರತೀಯ ಕಾನ್ಸುಲೇಟಿನ ಅನುಮತಿ ಹಿಡಿದು ಕುಡಿಕೆಯನ್ನು ವಿಮಾನದಲ್ಲಿ ಒಯ್ಯಬೇಕು.