ಮೊಬೈಲ್ ತಂತ್ರಾಂಶದ ಬೀಗ ಮತ್ತು ಕೊಂಡವರ ಹಕ್ಕು: ಚಿಕ್ಕೋಡಿ ಸೀಮೆಯ ನೆಲೆಯಿಂದ ಒಂದು ಟಿಪ್ಪಣಿ

1. ಪ್ರಶ್ನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಪೇಟೆಗಳಲ್ಲಿ ಮೊಬೈಲ್ ರಿಪೇರಿ ಅಂಗಡಿಗಳಿಗೆ ಕೊರತೆಯಿಲ್ಲ. ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಸಡಿಲಾದ ಚಾರ್ಜಿಂಗ್ ಪಿನ್ ಇಂಥವೆಲ್ಲ ಅಲ್ಲಿ ಬೇಗ ಸರಿಹೋಗುತ್ತವೆ. ತಂತ್ರಾಂಶ ಹಳೆಯದಾದ ಫೋನು ಬಂದರೆ ಮಾತ್ರ ಕೈಕಟ್ಟಿದಂತಾಗುತ್ತದೆ. ಫೋನಿನ ಒಡಲು ಗಟ್ಟಿಯಿದೆ, ಕ್ಯಾಮೆರಾ ನೆಟ್ಟಗಿದೆ. ಆದರೆ ಕಂಪನಿ ನವೀಕರಣ ನಿಲ್ಲಿಸಿದೆ. ಬ್ಯಾಂಕಿನ ಆ್ಯಪ್ ‘ಈ ಆವೃತ್ತಿಯಲ್ಲಿ ನಡೆಯುವುದಿಲ್ಲ’ ಎನ್ನುತ್ತದೆ. ಅಂಥ ಹಲವು ಫೋನುಗಳಿಗೆ ಲಿನಿಯೇಜ್‌ಓಎಸ್‌ನಂಥ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ಹೊಸ ಆವೃತ್ತಿ ಸಿಗುತ್ತದೆ. ಅದನ್ನು ಹಾಕಬೇಕೆಂದರೆ, ಫೋನು ಆನ್ ಆಗುವಾಗ ಕಾರ್ಯಾಚರಣೆ ವ್ಯವಸ್ಥೆಯನ್ನು ಚಾಲೂ ಮಾಡುವ ಬೂಟ್‌ಲೋಡರ್ ಎಂಬ ಕ್ರಮವಿಧಿಯ ಬೀಗ ತೆರೆಯಬೇಕು. ಅದರ ಕೀಲಿ ಕಂಪನಿಯ ಬಳಿ ಇದೆ.

ದುಡ್ಡು ಕೊಟ್ಟು ಕೊಂಡ ವಸ್ತುವಿನ ಕೀಲಿಯನ್ನು ಮಾರಿದವರು ತಮ್ಮಲ್ಲೇ ಇಟ್ಟುಕೊಳ್ಳಬಹುದೇ? ಭಾರತದ ಕಾನೂನು ಈ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

2. ಬೀಗಗಳು ನಾಲ್ಕು

ರೂಢಿಯಲ್ಲಿ ‘ಫೋನ್ ಅನ್‌ಲಾಕ್’ ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಇವುಗಳ ಕಾನೂನೂ ಬೇರೆ ಬೇರೆ.

ಮೊದಲನೆಯದು ನೆಟ್‌ವರ್ಕ್ ಬೀಗ. 2017ರಲ್ಲಿ 1500 ರೂಪಾಯಿ ಠೇವಣಿಯ ಮೇಲೆ ಬಂದ ಜಿಯೋಫೋನ್ ಜಿಯೋ ಸಿಮ್‌ಗೆ ಮಾತ್ರ ಒಗ್ಗುತ್ತಿತ್ತು. ಎರಡನೆಯದು ಖಾತೆಯ ಬೀಗ: ಕಳುವಾದ ಫೋನನ್ನು ರೀಸೆಟ್ ಮಾಡಿದರೂ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುವ ವ್ಯವಸ್ಥೆ. ಮೂರನೆಯದು ಸಾಲ ಕೊಟ್ಟವರು ಕಂತು ತಪ್ಪಿದಾಗ ದೂರದಿಂದಲೇ ಹಾಕುವ ಬೀಗ. ನಾಲ್ಕನೆಯದು ಬೂಟ್‌ಲೋಡರ್ ಬೀಗ. ನಮ್ಮ ಮುಖ್ಯ ಪ್ರಶ್ನೆ ನಾಲ್ಕನೆಯದರ ಕುರಿತದ್ದು. ಮೂರನೆಯದು ಅದಕ್ಕೆ ತೀರ ಹತ್ತಿರದ್ದು.

ಇವೆಲ್ಲಕ್ಕಿಂತ ಬೇರೆಯದು ಐಎಂಇಐ, ಅಂದರೆ ಪ್ರತಿ ಫೋನಿನ ಗುರುತಿನ ಸಂಖ್ಯೆಯ ತಿದ್ದುಪಡಿ. ಅದು ಯಾವ ಉದ್ದೇಶಕ್ಕಾದರೂ ಸರಿ, ಅಪರಾಧವೇ. 2017ರ ನಿಯಮಗಳು ಅದನ್ನು ನಿಷೇಧಿಸಿದವು. 2023ರ ದೂರಸಂಪರ್ಕ ಕಾಯ್ದೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಮಹಾರಾಷ್ಟ್ರದ ಸಾಂಗಲಿ, ಮಿರಜ, ಕೊಲ್ಲಾಪುರ, ಇಚಲಕರಂಜಿಗಳ ಮಾರುಕಟ್ಟೆಗೆ ಹೊಂದಿಕೊಂಡ ಈ ಸೀಮೆಯಲ್ಲಿ ಹಳೆಯ ಫೋನುಗಳು ರಾಜ್ಯದ ಗಡಿ ದಾಟಿ ಕೈ ಬದಲಾಯಿಸುವುದು ಸುಲಭ; ಅವುಗಳಲ್ಲಿ ಕಳುವಿನವೂ ಇರಬಹುದು. ಆದ್ದರಿಂದ ರಿಪೇರಿ ಮಾಡುವವರು ಬೂಟ್‌ಲೋಡರ್ ತೆರೆಯುವ ಕೆಲಸವನ್ನೂ ಐಎಂಇಐ ತಿದ್ದುವುದನ್ನೂ ಒಂದೇ ಎಂದು ಎಣಿಸಬಾರದು.

3. ಬೀಗ ಹೇಗೆ ಕೂತಿದೆ

ಪವರ್ ಗುಂಡಿ ಒತ್ತಿದಾಗ ಮೊದಲು ಓಡುವುದು ಚಿಪ್‌ನೊಳಗೇ ಅಚ್ಚಾಗಿರುವ ಒಂದು ಸಣ್ಣ ಕ್ರಮವಿಧಿ. ಅದು ಬೂಟ್‌ಲೋಡರ್‌ನ ಡಿಜಿಟಲ್ ಸಹಿ ಪರೀಕ್ಷಿಸುತ್ತದೆ. ಬೂಟ್‌ಲೋಡರ್ ತನ್ನ ಸರದಿಯಲ್ಲಿ ಆಂಡ್ರಾಯ್ಡ್‌ನ ಸಹಿಯನ್ನು ಪರೀಕ್ಷಿಸುತ್ತದೆ. ಸಹಿ ಕಂಪನಿಯದಲ್ಲದಿದ್ದರೆ ಫೋನು ಮುಂದೆ ಹೋಗುವುದಿಲ್ಲ.

ಕಂಪನಿ ಅವಕಾಶ ಕೊಟ್ಟಿದ್ದರೆ ತೆರೆಯುವ ದಾರಿ ಸರಳ. ಸೆಟ್ಟಿಂಗ್‌ಗಳಲ್ಲಿ ‘ಬಿಲ್ಡ್ ಸಂಖ್ಯೆ’ಯ ಮೇಲೆ ಏಳು ಸಲ ಒತ್ತಿದರೆ ‘ಡೆವಲಪರ್ ಆಯ್ಕೆಗಳು’ ಎಂಬ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ‘ಒಇಎಂ ಅನ್‌ಲಾಕಿಂಗ್’ ಆನ್ ಮಾಡಿ, ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫಾಸ್ಟ್‌ಬೂಟ್ ಎಂಬ ಸಾಧನದಿಂದ ಆದೇಶ ಕೊಡಬೇಕು. ಫೋನಿನೊಳಗಿನ ಫೋಟೊ, ಸಂದೇಶ, ಖಾತೆ ಎಲ್ಲವೂ ಆ ಕ್ಷಣವೇ ಅಳಿಸಿಹೋಗುತ್ತವೆ. ಕದ್ದವನಿಗೆ ಮಾಹಿತಿ ಸಿಗಬಾರದೆಂಬ ಕಾರಣಕ್ಕೇ ಈ ಏರ್ಪಾಡು. ಅಂದಿನಿಂದ ಪ್ರತಿ ಸಲ ಆನ್ ಮಾಡುವಾಗಲೂ ಎಚ್ಚರಿಕೆಯ ಪರದೆ ಕಾಣಿಸುತ್ತದೆ.

ಈ ದಾರಿಯನ್ನು ಕಂಪನಿಗಳು ಒಂದೊಂದಾಗಿ ಕಿರಿದಾಗಿಸುತ್ತಿವೆ. ಆ್ಯಪಲ್ ಐಫೋನಿನಲ್ಲಿ ಇದಕ್ಕೆ ಎಂದೂ ಅವಕಾಶ ಕೊಟ್ಟಿಲ್ಲ. ಹುವಾವೆ 2018ರಲ್ಲಿ ಅನ್‌ಲಾಕ್ ಸಂಕೇತ ಕೊಡುವುದನ್ನೇ ನಿಲ್ಲಿಸಿತು. ಶಿಯೋಮಿ ತನ್ನ ಖಾತೆಗೆ ಫೋನನ್ನು ಜೋಡಿಸಿ ದಿನಗಟ್ಟಲೆ ಕಾಯುವ ನಿಯಮ ತಂದಿತು. ಸ್ಯಾಮ್‌ಸಂಗ್ 2025ರ ಒನ್ ಯುಐ 8 ಆವೃತ್ತಿಯಲ್ಲಿ ಒಇಎಂ ಅನ್‌ಲಾಕಿಂಗ್ ಆಯ್ಕೆಯನ್ನೇ ತೆಗೆದುಹಾಕಿತು.

4. ಕನ್ನಡಕ್ಕೆ ಈ ಕೀಲಿ ಏಕೆ ಬೇಕಾಗಿತ್ತು

ಇದು ಹವ್ಯಾಸಿಗಳ ಆಟ ಎಂದು ಭಾವಿಸುವವರಿಗೆ ಕನ್ನಡದ ಅನುಭವವೇ ಉತ್ತರ. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಬಹುತೇಕ ಫೋನುಗಳಲ್ಲಿ ಕನ್ನಡ ಸಂದೇಶ ಬಂದರೆ ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಒಪೆರಾ ಮಿನಿ ಬ್ರೌಸರಿನಲ್ಲಿ ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಂಡು ಓದುವ ಉಪಾಯವನ್ನು ಆಗಿನವರು ಬಲ್ಲರು. ಫೋನಿನ ಎಲ್ಲ ಆ್ಯಪ್‌ಗಳಲ್ಲೂ ಕನ್ನಡ ಕಾಣಬೇಕೆಂದರೆ ಫಾಂಟ್ ಕಡತವನ್ನು ಸಿಸ್ಟಮ್ ವಿಭಾಗದೊಳಗೆ ಹಾಕಬೇಕಿತ್ತು. ಆ ವಿಭಾಗ ಬಳಕೆದಾರರಿಗೆ ಮುಚ್ಚಿತ್ತು. ಆದ್ದರಿಂದ ರೂಟ್ ಮಾಡಿ, ಅಂದರೆ ಆ ವಿಭಾಗದ ಪೂರ್ಣ ಅಧಿಕಾರ ಪಡೆದು, ಕನ್ನಡ ಫಾಂಟ್ ಕೂರಿಸುವ ಕ್ರಮ ಆಗ ಬಳಕೆಗೆ ಬಂತು.

ಸರ್ಕಾರ ಮುಂದೆ ಬಂದದ್ದು ನಂತರ. 2016ರ ಭಾರತೀಯ ಮಾನಕ ಐಎಸ್ 16333ರ ಮೂರನೆಯ ಭಾಗ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಓದಲು ಬರುವಂತೆ ಫೋನು ಇರಬೇಕೆಂದು ವಿಧಿಸಿತು. ಮಾರುಕಟ್ಟೆಯೂ ಸರ್ಕಾರವೂ ಕೈಹಿಡಿಯುವ ಮೊದಲು ಕನ್ನಡಿಗರು ತಮ್ಮ ಫೋನಿನ ಎಲ್ಲ ಆ್ಯಪ್‌ಗಳಲ್ಲೂ ತಮ್ಮ ಭಾಷೆ ಓದಿದ್ದು ಬೀಗ ತೆರೆಯಲು ಸಾಧ್ಯವಿದ್ದುದರಿಂದ. ಕನ್ನಡವೂ ಮರಾಠಿಯೂ ಒಂದೇ ಮನೆಯಲ್ಲಿ ನಡೆಯುವ ಗಡಿ ತಾಲೂಕುಗಳಲ್ಲಿ ಈ ಮಾತಿನ ತೂಕ ಇನ್ನೂ ಹೆಚ್ಚು.

5. ಕಾನೂನು: ಯಾವುದು ಅಪರಾಧ, ಯಾವುದು ಅಲ್ಲ

ಕೃತಿಸ್ವಾಮ್ಯ ಕಾಯ್ದೆ, 1957ಕ್ಕೆ 2012ರಲ್ಲಿ ಸೇರಿದ 65ಎ ಕಲಮು ಇಲ್ಲಿ ಮುಖ್ಯ. ಕೃತಿಸ್ವಾಮ್ಯ ರಕ್ಷಣೆಗೆಂದು ಅಳವಡಿಸಿದ ತಾಂತ್ರಿಕ ತಡೆಯನ್ನು, ಆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಅಪರಾಧ ನಿಲ್ಲುವುದು ಆ ಉದ್ದೇಶದ ಮೇಲೆ. ಕಾಯ್ದೆ ನಿರ್ದಿಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ತಡೆ ದಾಟಿದರೆ ಶಿಕ್ಷೆಯಿಲ್ಲ ಎಂದು ಅದೇ ಕಲಮಿನ ಎರಡನೆಯ ಉಪಕಲಮು ಹೇಳುತ್ತದೆ. ತನ್ನ ಸ್ವಂತ ಫೋನಿಗೆ ಮುಕ್ತ ಪರವಾನಗಿಯ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳುವವರು ಯಾರ ಕೃತಿಯನ್ನೂ ಕದಿಯುವುದಿಲ್ಲ. ಅಮೆರಿಕದಲ್ಲಿ ತಡೆ ಮುರಿಯುವುದೇ ಸಾಮಾನ್ಯವಾಗಿ ನಿಷಿದ್ಧ. ಫೋನಿನ ಮಟ್ಟಿಗೆ 2010ರಿಂದ ವಿನಾಯಿತಿ ಕೊಡುತ್ತ ಬಂದಿದ್ದಾರೆ. ನಮ್ಮ ಕಾನೂನಿನ ಕಟ್ಟೇ ಬಳಕೆದಾರರಿಗೆ ಹೆಚ್ಚು ಅನುಕೂಲವಾಗಿದೆ.

ಇದೇ ಉಪಕಲಮಿನಲ್ಲಿ ರಿಪೇರಿ ಅಂಗಡಿಯವರು ತಿಳಿದಿರಲೇಬೇಕಾದ ಒಂದು ಷರತ್ತಿದೆ. ಇನ್ನೊಬ್ಬರಿಗಾಗಿ ತಡೆ ದಾಟಲು ನೆರವಾಗುವವರು ಆ ಗಿರಾಕಿಯ ಹೆಸರು, ವಿಳಾಸ, ಗುರುತಿನ ವಿವರ ಮತ್ತು ಕೆಲಸದ ಉದ್ದೇಶವನ್ನು ದಾಖಲೆ ಮಾಡಿ ಇಟ್ಟುಕೊಳ್ಳಬೇಕು. ನಿಪ್ಪಾಣಿಯಲ್ಲಾಗಲಿ ಅಥಣಿಯಲ್ಲಾಗಲಿ ಈ ಕೆಲಸ ಮಾಡುವ ಅಂಗಡಿಯಲ್ಲಿ ಇಂಥ ಒಂದು ನೋಂದಣಿ ಪುಸ್ತಕ ಇದ್ದರೆ ಅದು ಗಿರಾಕಿಗೂ ಅಂಗಡಿಗೂ ರಕ್ಷಣೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮು ಕಂಪ್ಯೂಟರಿನ ‘ಮಾಲೀಕರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ’ ನಡೆಯುವ ಕೃತ್ಯಗಳ ಕುರಿತದ್ದು. ಕೊಂಡವರೇ ಮಾಲೀಕರಾದಲ್ಲಿ ಆ ಕಲಮು ಅವರಿಗೆ ತಾಗದು.

ಇದಕ್ಕೆ ವಿರುದ್ಧವಾಗಿ ಉಲ್ಲೇಖವಾಗುವುದು ಆಂಧ್ರಪ್ರದೇಶ ಹೈಕೋರ್ಟಿನ 2005ರ ಸೈಯದ್ ಅಸಿಫುದ್ದೀನ್ ಪ್ರಕರಣ. ರಿಲಯನ್ಸ್ ಇನ್ಫೋಕಾಂ ಅಗ್ಗದಲ್ಲಿ ಕೊಟ್ಟ ಹ್ಯಾಂಡ್‌ಸೆಟ್‌ಗಳ ಗುರುತಿನ ಸಂಖ್ಯೆ ಬದಲಾಯಿಸಿ ಟಾಟಾ ಇಂಡಿಕಾಂ ಜಾಲಕ್ಕೆ ಹೊಂದಿಸಿದರೆಂಬ ಆರೋಪ ಟಾಟಾ ಸಿಬ್ಬಂದಿಯ ಮೇಲಿತ್ತು. ಮೊಬೈಲ್ ಫೋನು ಕಾಯ್ದೆಯ ಅರ್ಥದಲ್ಲಿ ಕಂಪ್ಯೂಟರೇ ಎಂದ ನ್ಯಾಯಾಲಯ, ಐಟಿ ಕಾಯ್ದೆಯ 65 ಮತ್ತು ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮುಗಳಡಿ ತನಿಖೆ ಮುಂದುವರಿಯಲು ಬಿಟ್ಟಿತು. ಆದರೆ ಅದು ಎಫ್‌ಐಆರ್ ರದ್ದತಿಯ ಹಂತದ ತೀರ್ಪು. ಹ್ಯಾಂಡ್‌ಸೆಟ್‌ಗಳು ಮೂರು ವರ್ಷದ ಸೇವಾ ಕರಾರಿಗೆ ಒಳಪಟ್ಟಿದ್ದವು. ಬದಲಾವಣೆ ಮಾಡಿದವರೆಂದು ಆರೋಪ ಬಂದದ್ದು ಪ್ರತಿಸ್ಪರ್ಧಿ ಕಂಪನಿಯವರ ಮೇಲೆ. ಬದಲಾದದ್ದು ಗುರುತಿನ ಸಂಖ್ಯೆ. ಪೂರ್ತಿ ಬೆಲೆ ಕೊಟ್ಟು ಕೊಂಡವರು ಐಎಂಇಐ ಮುಟ್ಟದೆ ಬೂಟ್‌ಲೋಡರ್ ತೆರೆಯುವುದಕ್ಕೆ ಈ ತೀರ್ಪನ್ನು ಹೊಂದಿಸುವುದು ಸರಿಯಲ್ಲ.

6. ಕಂಪನಿಯ ಮೇಲೆ ಕರ್ತವ್ಯ ಇದೆಯೇ

ಬಳಕೆದಾರರು ಅಪರಾಧಿಗಳಲ್ಲ ಎಂದ ಮಾತ್ರಕ್ಕೆ ಕಂಪನಿ ಕೀಲಿ ಕೊಡಲೇಬೇಕೆಂದಾಗದು. ಹಾಗೆ ವಿಧಿಸುವ ಕಾನೂನು ಭಾರತದಲ್ಲಿಲ್ಲ. ಆಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಎರಡನೆಯ ಆವೃತ್ತಿಯದು. ಅದರಂತೆ ಮೂಲಸಂಕೇತ ಕೊಡಬೇಕು, ಸಹಿಯ ಕೀಲಿ ಕೊಡಬೇಕಿಲ್ಲ. ಬಳಕೆಯ ಉಪಕರಣಗಳಲ್ಲಿ ಬದಲಿ ತಂತ್ರಾಂಶ ಕೂರಿಸಲು ಬೇಕಾದ ಮಾಹಿತಿಯನ್ನೂ ಕೊಡಿರೆಂದ ಮೂರನೆಯ ಆವೃತ್ತಿ 2007ರಲ್ಲಿ ಬಂತು. ಲಿನಕ್ಸ್ ಅದಕ್ಕೆ ಹೋಗಲಿಲ್ಲ.

ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು. ಆಂಡ್ರಾಯ್ಡ್‌ನ ಬೇರೆ ರೂಪಗಳನ್ನು ತಯಾರಿಸದಂತೆ ಫೋನ್ ಕಂಪನಿಗಳನ್ನು ಕಟ್ಟಿಹಾಕಬಾರದೆಂದು ಆದೇಶಿಸಿತು. ಮೊದಲೇ ತುಂಬಿದ ಆ್ಯಪ್‌ಗಳನ್ನು ಬಳಕೆದಾರರು ಅಳಿಸಬಹುದಾಗಿರಬೇಕೆಂಬುದೂ ಸೇರಿದಂತೆ ಕೆಲವು ನಿರ್ದೇಶನಗಳನ್ನು 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೈಬಿಟ್ಟಿತು. 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಮೈಕ್ರೋಮ್ಯಾಕ್ಸ್ ಮತ್ತು ಒನ್‌ಪ್ಲಸ್ ನಡುವೆ ಆಂಡ್ರಾಯ್ಡ್ ಆಧಾರಿತ ಸೈನೋಜೆನ್ ತಂತ್ರಾಂಶಕ್ಕಾಗಿ ವ್ಯಾಜ್ಯವೊಂದು ನಡೆದಿತ್ತು. ಎರಡೂ ಕಡೆ ಹೋರಾಟ ಕಂಪನಿ ಕಂಪನಿಗಳ ಸ್ವಾತಂತ್ರ್ಯದ್ದು. ಫೋನು ಕೊಂಡವರು ಅದರಲ್ಲಿ ಪಕ್ಷಕಾರರೇ ಅಲ್ಲ.

ಉಳಿದ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಗ್ರಾಹಕರಿಗೆ ಅನನುಕೂಲವಾಗುವ ಅಸಮಂಜಸ ಷರತ್ತನ್ನು ಅದು ‘ಅನ್ಯಾಯದ ಕರಾರು’ ಎನ್ನುತ್ತದೆ. ಆದರೆ ಇಂಥ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹತ್ತು ಸಾವಿರದ ಫೋನಿಗಾಗಿ ಕಾಗವಾಡದ ರೈತರೊಬ್ಬರು ಅಷ್ಟು ದೂರ ನಡೆಸುವ ವ್ಯಾಜ್ಯವಲ್ಲ ಇದು. ಹಕ್ಕು ಕಾಗದದಲ್ಲಿದೆ, ಕೈಗೆಟಕುವುದಿಲ್ಲ.

7. ತಯಾರಕರ ವಾದ

ಬೀಗದ ಪರವಾದ ವಾದವನ್ನು ಹಗುರವಾಗಿ ಕಾಣಬಾರದು. ಬೂಟ್‌ಲೋಡರ್ ತೆರೆದ ಫೋನಿನಲ್ಲಿ ದುಷ್ಟ ತಂತ್ರಾಂಶ ಆಳದಲ್ಲಿ ಬೇರೂರಬಹುದು. ಯುಪಿಐ, ಆಧಾರ್ ಎಲ್ಲ ಅದೇ ಫೋನಿನಲ್ಲಿವೆ. ಮಧ್ಯವರ್ತಿಗಳು ತಂತ್ರಾಂಶ ತಿದ್ದಿ ಮಾರಿದ ಫೋನಿನಿಂದ ಮೋಸಹೋಗುವವರು ತಿಳಿಯದ ಗ್ರಾಹಕರೇ. ಅನೇಕ ಬ್ಯಾಂಕ್ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ ನಡೆಸಿ ಬೀಗ ತೆರೆದ ಫೋನನ್ನು ದೂರವಿಡುವುದು ಇದಕ್ಕಾಗಿಯೇ. ಬೀಗ ತೆರೆಯುವವರು ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಬೇಕು.

ಆದರೆ ಈ ವಾದ ನಿಲ್ಲುವುದು ಕಂಪನಿ ನವೀಕರಣ ಕೊಡುತ್ತಿರುವವರೆಗೆ. ಭದ್ರತಾ ತೇಪೆ ಹಾಕುವುದನ್ನು ನಿಲ್ಲಿಸಿದ ಮೇಲೆ ಬೀಗ ಹಾಕಿದ ಫೋನೇ ಅಪಾಯಕಾರಿ. ಗೊತ್ತಿರುವ ಬಿರುಕುಗಳು ಹಾಗೇ ಉಳಿದಿರುತ್ತವೆ, ಬೇರೆಯವರು ಮುಚ್ಚಲೂ ದಾರಿಯಿಲ್ಲ. ಬಾವಿಗೆ ಬೀಗ ಹಾಕಿ ಹೂಳೆತ್ತುವುದನ್ನೂ ಬಿಟ್ಟಂತೆ ಇದು.

8. ಕಂತಿನ ಬೀಗ

ಕಂತಿನ ಮೇಲೆ ಫೋನು ಕೊಳ್ಳುವುದು ಈ ಭಾಗದಲ್ಲೂ ಸಾಮಾನ್ಯ. ಕಬ್ಬಿನ ಬಿಲ್ಲು ತಡವಾಗಿ ಕಂತು ತಪ್ಪಿದರೆ ಪರದೆಯೇ ಮುಚ್ಚಿಹೋಗುವ ಆ್ಯಪ್‌ಗಳನ್ನು ಸಾಲದಾತರು ಬಳಸುತ್ತ ಬಂದರು. ಈ ಪದ್ಧತಿ ನಿಲ್ಲಿಸುವಂತೆ ರಿಸರ್ವ್ ಬ್ಯಾಂಕ್ 2024ರಲ್ಲಿ ಸೂಚಿಸಿತೆಂದೂ, ಸಾಲಗಾರರ ಪೂರ್ವಾನುಮತಿಯೊಂದಿಗೆ ಮತ್ತೆ ಅವಕಾಶ ಕೊಡುವ ಆಲೋಚನೆ ನಡೆದಿದೆಯೆಂದೂ 2025ರ ಸೆಪ್ಟೆಂಬರಿನಲ್ಲಿ ವರದಿಯಾಯಿತು. ಫೋನು ಮುಚ್ಚಿದರೆ ಕೂಲಿಯ ಕರೆ, ಪಡಿತರದ ಒಟಿಪಿ, ಮಗುವಿನ ಶಾಲೆಯ ಸಂದೇಶ ಎಲ್ಲವೂ ಮುಚ್ಚುತ್ತವೆ. ಸಾಲ ವಸೂಲಿಗೆ ಇದು ತಕ್ಕ ಸಾಧನವಲ್ಲ. ಅವಕಾಶ ಕೊಡುವುದೇ ಆದರೆ, ಕೊನೆಯ ಕಂತು ತೀರಿದ ದಿನವೇ ಆ ಆ್ಯಪ್ ಫೋನಿನಿಂದ ಪೂರ್ತಿ ಹೋಗಬೇಕು.

9. ನಿರ್ಣಯ

ಇಂದಿನ ಕಾನೂನಿನಂತೆ ತಯಾರಕರು ಕೀಲಿ ಕೊಡದೆ ಇರಬಹುದು. ಕೊಂಡವರು ನ್ಯಾಯವಾದ ಉದ್ದೇಶಕ್ಕೆ ಬೀಗ ತೆರೆದರೆ ಅವರನ್ನು ಅಪರಾಧಿಗಳೆನ್ನಲು ಬರುವುದಿಲ್ಲ. ಈ ಅಂತರದಲ್ಲಿ ತಂತ್ರಜ್ಞಾನ ಯಾರ ಕೈಯಲ್ಲಿದೆಯೋ ಅವರೇ ಗೆಲ್ಲುತ್ತಿದ್ದಾರೆ. ನವೀಕರಣದ ಹೊಣೆ ಮುಗಿದಲ್ಲಿ ಬೀಗದ ಅಧಿಕಾರವೂ ಮುಗಿಯಬೇಕು ಎಂಬುದು ಈ ಟಿಪ್ಪಣಿಯ ನಿಲುವು.

ಇದನ್ನು ತರಲು ಹೊಸ ಕಾಯ್ದೆಗೇ ಕಾಯಬೇಕಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಭರತ್ ಖೇರಾ ಅಧ್ಯಕ್ಷತೆಯ ಸಮಿತಿ 2025ರ ಮೇ ತಿಂಗಳಲ್ಲಿ ಕೊಟ್ಟ ದುರಸ್ತಿ ಸೂಚ್ಯಂಕದ ವರದಿಯಲ್ಲಿ ಬಿಡಿಭಾಗಗಳ ಲಭ್ಯತೆಯ ಜತೆ ತಂತ್ರಾಂಶ ನವೀಕರಣವೂ ಒಂದು ಮಾನದಂಡ. ಅದರೊಳಗೇ ಎರಡು ಅಂಶ ಸೇರಬೇಕು: ನವೀಕರಣ ಯಾವ ತಿಂಗಳವರೆಗೆ, ಬೂಟ್‌ಲೋಡರ್ ತೆರೆಯಬಹುದೇ ಇಲ್ಲವೇ ಎಂಬುದನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು; ನವೀಕರಣ ನಿಂತ ದಿನ ಅನ್‌ಲಾಕ್ ಸೌಲಭ್ಯ ಕೊಡುವುದು. ಯುರೋಪ್ ಒಕ್ಕೂಟ 2025ರ ಜೂನ್ 20ರಿಂದ, ಮಾರಾಟ ನಿಲ್ಲಿಸಿದ ಮೇಲೂ ಐದು ವರ್ಷ ನವೀಕರಣ ಸಿಗುವಂತೆ ನಿಯಮ ತಂದಿದೆ. ನಮ್ಮ ಬೇಡಿಕೆ ಅದಕ್ಕಿಂತ ದೊಡ್ಡದೇನಲ್ಲ.

ಅಲ್ಲಿಯವರೆಗೆ ಚಿಕ್ಕೋಡಿ ಸೀಮೆಯ ಓದುಗರಲ್ಲಿ ಒಂದು ವಿನಂತಿ. ಫೋನು ಕೊಳ್ಳುವಾಗ ನವೀಕರಣ ಎಷ್ಟು ವರ್ಷ, ಬೂಟ್‌ಲೋಡರ್ ತೆರೆಯಬಹುದೇ, ಕಂತಿನ ಬೀಗ ಇದೆಯೇ ಎಂದು ಅಂಗಡಿಯಲ್ಲಿ ಕೇಳಿರಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ರಿಪೇರಿ ಮಾಡುವವರು ನೋಂದಣಿ ಪುಸ್ತಕ ಇಡಿರಿ, ಐಎಂಇಐ ಮುಟ್ಟಬೇಡಿರಿ.